ಸೊಸೆ ಹಚ್ಚುವ ಸುಣ್ಣ

ಟಪ್ ಎಂದು ಸುಣ್ಣದ ಹಕ್ಕಳೆಯೊಂದು ಸಮಾಧಿಯ ಕಲ್ಲಿನಿಂದ ಉದುರಿತು. ನಾನು ತಿಕ್ಕುವುದನ್ನು ನಿಲ್ಲಿಸಿದೆ.

ಈ ಎರೆಹೊಲದಲ್ಲಿ ಮೊದಲು ಅಮೆರಿಕದ ಹತ್ತಿ ಬಿತ್ತಿದ ಹಿರಿಯಜ್ಜನನ್ನು ಮಣ್ಣು ಮಾಡಿದ್ದು ಇಲ್ಲೇ. ನನ್ನ ಗಂಡನಿಗೂ ಮಗಳಿಗೂ ಬೆಕ್ಕಿನ ಕಣ್ಣು ಬಂದದ್ದು ಅವನಿಂದಲೇ ಎಂದು ಮನೆಯವರ ಹೆಮ್ಮೆ. ವರ್ಷಕ್ಕೊಮ್ಮೆ ಕಲ್ಲಿಗೆ ಸುಣ್ಣ ಹಚ್ಚುವುದು ಸೊಸೆಯ ಕೆಲಸ, ಗಂಡಸರು ಮುಟ್ಟುವಂತಿಲ್ಲ. ಈ ವರ್ಷ ಅತ್ತೆ ಮೊದಲ ಬಾರಿಗೆ ಕುಂಚವನ್ನು ನನ್ನ ಕೈಗೆ ಕೊಟ್ಟಿದ್ದರು. ನಾಳೆ ಮಗಳನ್ನು ನೋಡಲು ಬರುವವರು ಕುಲ ಕೆದಕುವ ಜನ. ಮೊದಲು ಈ ಕಲ್ಲಿಗೇ ಕೈ ಮುಗಿಯುತ್ತಾರಂತೆ.

ಸುಣ್ಣ ಉದುರಿದಲ್ಲಿ ಇಂಗ್ಲಿಷ್ ಅಕ್ಷರಗಳು ಕಂಡವು: ಸೈಲಸ್ ಹಾರ್ಟ್‌ವೆಲ್, ಹತ್ತಿ ಬೆಳೆಗಾರ, ಮಿಸಿಸಿಪ್ಪಿ.

“ಯಾಕ ನಿಂತಿ, ಹಾವು ಕಂಡಾಕಿ ಹಂಗ?” ಬೇವಿನ ನೆರಳಿನಿಂದ ಅತ್ತೆ ಕೇಳಿದರು.

“ಏನಿಲ್ರೀ ಅತ್ತಿ, ಸುಣ್ಣ ಕಣ್ಣಿಗೆ ಸಿಡೀತು.”

ಅತ್ತೆಗೆ ಇಂಗ್ಲಿಷ್ ಬಾರದೆಂಬುದೊಂದೇ ಸಮಾಧಾನ. ಗಂಡನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದುಕೊಂಡು ಅವಸರದಲ್ಲಿ ಅಕ್ಷರಗಳ ಮೇಲೆ ಕುಂಚ ಎಳೆದೆ.

ಅತ್ತೆ ಎದ್ದು ಬಂದು ಕಲ್ಲನ್ನು ನೋಡಿದರು.

“ಇನ್ನೊಂದು ಕೈ ಹೊಡಿಯವಾ. ನಮ್ಮತ್ತಿ ಅವಾಗs ಹೇಳಿದ್ರು, ಆ ಸೈಲಸ್‌ನ ಮ್ಯಾಲ ಸುಣ್ಣ ನಿಲ್ಲೂದಿಲ್ಲಂತ.”