ಮುಂದಿನ ಸೀಟಿನ ಚೀಲ

ಬಸ್ ನಿಲ್ದಾಣದ ಎದುರು ಕಾರು ನಿಲ್ಲಿಸಿ ಅನೂಶ್ ಕಿಟಕಿ ಇಳಿಸಿದಳು. "ಅಂಕಲ್, ಲಾಸ್ ಏಂಜಲೀಸಿಗೆ ತಾನೆ? ಬನ್ನಿ, ಬಿಡ್ತೀನಿ."

ಪಕ್ಕದ ಮನೆಯ ಮುದುಕ ವಾರ್ತಾನ್ ಕಾರಿನ ಹಿಂಬದಿಯನ್ನೊಮ್ಮೆ ನೋಡಿದ. ಅಲ್ಲಿದ್ದ ಸರ್ಕಾರಿ ಸ್ಟಿಕರ್ ಕಿತ್ತ ಗುರುತು ಇನ್ನೂ ಹಸಿಯಾಗಿತ್ತು. ಆ ಸ್ಟಿಕರ್ ಇದ್ದಷ್ಟು ಕಾಲ ಅವಳ ಹೈಬ್ರಿಡ್ ಕಾರು ಒಬ್ಬರಿಗಿಂತ ಹೆಚ್ಚು ಜನರಿರುವ ಕಾರುಗಳಿಗೆಂದೇ ಮೀಸಲಾದ ಹೆದ್ದಾರಿಯ ಕಾರ್‌ಪೂಲ್ ಲೇನಿನಲ್ಲಿ ಅವಳೊಬ್ಬಳನ್ನೇ ಹೊತ್ತು ಹಾರಬಹುದಿತ್ತು. ನಿನ್ನೆಗೆ ಆ ಸವಲತ್ತು ಮುಗಿದಿತ್ತು. ಇನ್ನು ಮೇಲೆ ಆ ಲೇನಿಗಿಳಿಯಲು ಕಾರಿನಲ್ಲಿ ಇಬ್ಬರಿರಲೇಬೇಕು.

"ನಾಲ್ಕು ವರ್ಷದಿಂದ ಇಲ್ಲೇ ನಿಲ್ತಿದೀನಿ ಕಣಮ್ಮ, ಇವತ್ತು ಕಣ್ಣಿಗೆ ಬಿದ್ನಾ?" ನಗುತ್ತಲೇ ಅವನು ಹಿಂದಿನ ಬಾಗಿಲು ತೆಗೆದು ಕೂತ.

ಅನೂಶಳ ಕಿವಿ ಬಿಸಿಯಾಯಿತು. ನಾಲ್ಕು ವರ್ಷವೂ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದ ತನ್ನ ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಮುಂದೆ ಬನ್ನಿ ಅಂಕಲ್."

"ಇರ್ಲಿ ಬಿಡಮ್ಮ," ಎಂದ ವಾರ್ತಾನ್, ಬೆಲ್ಟ್ ಎಳೆದುಕೊಳ್ಳುತ್ತಾ. "ತಲೆ ಎಣಿಸೋರಿಗೆ ಎಲ್ಲಿ ಕೂತರೇನು?"