ಕಳ್ಳಗಾಳಿ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೂ ನಾಳೆಯಿಂದ ನನ್ನ ಸ್ಕೂಟರ್ ಸ್ಟಾರ್ಟ್ ಆಗದೆ ಹೋಗಲಿ. ಅದು ಈಗಲೂ ಆಗುವುದಿಲ್ಲ, ಆ ಮಾತು ಬೇರೆ.

ಗ್ಯಾರೇಜಿನಲ್ಲಿ ಬೈಕು ಸ್ಟ್ಯಾಂಡಿನ ಮೇಲೆ ನಿಂತು ಊಳಿಡುತ್ತಿತ್ತು. ಎಕ್ಸಲರೇಟರ್ ಮೇಲೆ ಯಾರ ಕೈಯೂ ಇಲ್ಲ. ಆದರೂ ಸದ್ದು ತಾನಾಗಿಯೇ ಏರುವುದು, ಇನ್ನೇನು ಪ್ರಾಣ ಹೋಯಿತು ಎನ್ನುವಷ್ಟು ಇಳಿಯುವುದು, ಮತ್ತೆ ಏರುವುದು. ಏರಿದಾಗಲೆಲ್ಲ ಬಾಗಿಲ ಬಳಿ ನಿಂತಿದ್ದ ಟೈಲರ್ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಬೈಕು ಅವನ ಅಪ್ಪನದು. ಅಪ್ಪ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು, ಅರ್ಧ ಊರಿಗೆ ಗಾಡಿ ಕಲಿಸಿ ರಿಟೈರ್ ಆದವರು. ಈಗ ಅದೇ ಹಳೇ ಬೈಕಿನಲ್ಲಿ ಮೊಮ್ಮಗಳನ್ನು ಶಾಲೆಗೆ ಬಿಡುತ್ತಾರೆ. ನಿನ್ನೆ ಸರ್ಕಲ್ಲಿನಲ್ಲಿ ನಿಂತಿದ್ದ ಗಾಡಿ ಇದ್ದಕ್ಕಿದ್ದಂತೆ ಮುಂದಕ್ಕೆ ಹಾರಿ, ಲಾರಿಯ ಬಾಲಕ್ಕೆ ಮೂಗು ತಾಗಿಸಿ ನಿಂತಿತ್ತು. ಹಿಂದೆ ಕೂತಿದ್ದ ಹುಡುಗಿ ಮನೆಗೆ ಬಂದು ಹೇಳಿದ್ದಿಷ್ಟೇ: "ತಾತ ಬ್ರೇಕ್ ಹಿಡಿದಿದ್ರು. ಗಾಡಿನೇ ಮಾತು ಕೇಳಲಿಲ್ಲ."

ಅದು ಕಿವಿಗೆ ಬಿದ್ದ ಟೈಲರ್ ಬೆಳಿಗ್ಗೆ ಅಂಗಡಿ ತೆರೆಯದೆ ಅಪ್ಪನ ಹಿಂದೆಯೇ ಬಂದಿದ್ದ.

"ಶಾನೇ ಜೋರಾಗಿದೆಯಲ್ಲ ಮೇಷ್ಟ್ರೇ. ನಿನ್ನೆನೂ ಹೀಗೇ ಕಿರುಚ್ತಿತ್ತಾ?" ಮೆಕ್ಯಾನಿಕ್ ಕೇಳಿದ.

"ನಿನ್ನೆ ಇಷ್ಟಿರಲಿಲ್ಲ." ಮೇಷ್ಟ್ರು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆದಿರಲಿಲ್ಲ. "ಹಳೇ ಗಾಡಿ. ಕಾರಣ ಸಿಗದಿದ್ರೆ ಸಿಗಲ್ಲ. ನೀನು ತಲೆ ಕೆಡಿಸ್ಕೋಬೇಡ."

"ಚೆನ್ನಾಗಿ ಹೇಳಿದ್ರಿ. ನನಗೆ ಕ್ಲಚ್ ಕಲಿಸೋವಾಗ ಹೀಗೆ ಬಿಟ್ಟುಬಿಟ್ರಾ? ಬೆನ್ನಿಗೆ ಗುದ್ದಿ ಗುದ್ದಿ ಕಲಿಸಲಿಲ್ವಾ?"

ಮೇಷ್ಟ್ರು ನಗಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡ ಮಗ.

ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೋಡಿದ. ಸುಣ್ಣದ ಹಾಗೆ ಬೆಳ್ಳಗಿತ್ತು. ಕಾರ್ಬುರೇಟರ್ ಇಳಿಸಿ, ಜೆಟ್ಟಿನ ಕಿಂಡಿಗೆ ಗಾಳಿ ಊದಿ, ತೊಳೆದು ಮತ್ತೆ ಕೂರಿಸಿದ. ಕಿಕ್ ಹೊಡೆದ. ಅದೇ ಊಳು. ಟೈಲರ್ ಮನಸ್ಸಿನಲ್ಲೇ, ಕಾರಣ ಸಿಗಲಿ ದೇವರೇ ಎಂದ. ಮರುಕ್ಷಣ, ಸಿಗದಿರಲಿ ದೇವರೇ ಎಂದ. ದೇವರಿಗೆ ತಲೆ ಕೆಟ್ಟಿರಬೇಕು.

ಮೆಕ್ಯಾನಿಕ್ ಗಾಳಿ ತಡೆಯುವ ಚೋಕನ್ನು ಚೂರು ಎಳೆದ. ಇಂಜಿನ್ ಹಾಲು ಕುಡಿದ ಮಗುವಿನ ಹಾಗೆ ಸುಮ್ಮನಾಯಿತು. ಬಿಟ್ಟ. ಮತ್ತೆ ಶುರು.

"ಗೊತ್ತಾಯ್ತು. ಪೆಟ್ರೋಲ್ ಜೊತೆ ಹೋಗಬೇಕಾದ್ದಕ್ಕಿಂತ ಹೆಚ್ಚು ಗಾಳಿ ಹೋಗ್ತಿದೆ. ಎಲ್ಲಿಂದಲೋ ಕಳ್ಳಗಾಳಿ ನುಗ್ತಿದೆ, ಮೇಷ್ಟ್ರೇ."

"ಇರಲಿ ಬಿಡೋ," ಎಂದರು ಮೇಷ್ಟ್ರು. "ಇನ್ನೊಂದು ದಿನ ನೋಡಿದ್ರಾಯ್ತು."

ಅವನು ಆಗಲೇ ಸೋಪಿನ ನೀರಿನ ಬಾಟಲಿ ಹಿಡಿದಿದ್ದ. ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವೆ ಒಂದು ರಬ್ಬರ್ ಕೊಳವೆ. ಅದರ ಮೇಲೆ ಹನಿ ಹನಿಯಾಗಿ ಬಿಡುತ್ತ ಹೋದ. ಮೇಲ್ಭಾಗ, ಏನಿಲ್ಲ. ಪಕ್ಕ, ಏನಿಲ್ಲ. ಕೆಳಗೆ, ಕೈ ಕಷ್ಟಪಟ್ಟು ತೂರುವ ಜಾಗದಲ್ಲಿ ಹನಿ ಬಿತ್ತು. ನೀರು ಸುರ್ರನೆ ಒಳಗೆ ನುಗ್ಗಿಹೋಯಿತು. ಇಂಜಿನ್ ಒಂದು ಸಲ ಕೆಮ್ಮಿ ಸದ್ದು ಇಳಿಸಿತು.

ಟೈಲರ್ ಗೋಡೆಗೆ ಒರಗಿಕೊಂಡ.

ಆ ತೂತು ಎಲ್ಲಿದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಚುಚ್ಚಿದವನು ಅವನೇ.

ಹೋದ ತಿಂಗಳು ಅಪ್ಪ ಕೆಂಪು ಸಿಗ್ನಲ್ ದಾಟಿಕೊಂಡು ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕೇಳಿದರೆ, "ಅಲ್ಲಿ ಸಿಗ್ನಲ್ ಯಾವಾಗ ಹಾಕಿದ್ರು?" ಎಂದಿದ್ದರು. ಇನ್ನು ಗಾಡಿ ಬೇಡ ಎಂದದ್ದಕ್ಕೆ, "ಟ್ಯಾಂಕ್ ಮೇಲೆ ಕೂತು ಬೆಳೆದವನು ನನಗೆ ಬುದ್ಧಿ ಹೇಳ್ತೀಯಾ?" ಎಂದು ಮಾತೇ ಬಿಟ್ಟರು. ಹೊಲಿಗೆ ಸೂಜಿಯಿಂದ ಒಂದು ಸಣ್ಣ ತೂತು. ಇಂಜಿನ್ ಸತಾಯಿಸಿದರೆ ಅಪ್ಪನೇ ಬೇಸತ್ತು ಮೂಲೆಗೆ ತಳ್ಳುತ್ತಾರೆ ಎಂಬ ಲೆಕ್ಕ. ಗಾಡಿ ಹಾರುತ್ತದೆ, ಹಿಂದೆ ತನ್ನ ಮಗಳೇ ಕೂತಿರುತ್ತಾಳೆ ಎಂದು ಯಾರು ಕಂಡಿದ್ದರು?

ಮೆಕ್ಯಾನಿಕ್ ರಬ್ಬರ್ ಬಿಚ್ಚಿ ಬೆಳಕಿಗೆ ಹಿಡಿದ. ನಗು ಮಾಯವಾಯಿತು.

"ಹಳೇದಾಗಿ ಬಿರುಕು ಬಿಟ್ಟಿದ್ದಲ್ಲ ಇದು, ಮೇಷ್ಟ್ರೇ. ಯಾರೋ ಬೇಕಂತಲೇ ಚುಚ್ಚಿದ್ದಾರೆ. ಒಂದು ಕಡೆ ಅಲ್ಲ, ಎರಡು ಕಡೆ. ಒಂದು ಸಣ್ಣದು. ಇನ್ನೊಂದು ನೋಡಿ, ಕಡ್ಡಿ ತೂರುತ್ತೆ. ಅಂಚು ಹೊಸದಾಗಿದೆ."

ಟೈಲರ್ ಬಗ್ಗಿ ನೋಡಿದ. ಸಣ್ಣದು ತನ್ನದು. ದೊಡ್ಡದು? ಅಪ್ಪ ಸಾಯಲಿ ಎಂದು ಕಾದವರು ಯಾರು? ಮನೆಯಲ್ಲಿರುವವಳು ಹೆಂಡತಿ. ಮಹಡಿಯಲ್ಲಿ ತಮ್ಮ. ಬೈಕು ನಿಲ್ಲುವುದು ಮೆಟ್ಟಿಲ ಕೆಳಗೆ, ಹೊರಗಿನವರು ಬರುವ ಜಾಗವೇ ಅಲ್ಲ. ಒಂದೊಂದು ಮುಖವೂ ಕಣ್ಣ ಮುಂದೆ ಬಂದು ಹೋಯಿತು. ಇನ್ನು ಬಚ್ಚಿಟ್ಟರೆ ಅಪ್ಪ ಉಳಿಯುವುದಿಲ್ಲ. ತನ್ನದನ್ನು ಒಪ್ಪಿಕೊಂಡರೇನೇ ಇನ್ನೊಬ್ಬರನ್ನು ಹುಡುಕಲು ದಾರಿ.

"ಅಪ್ಪಾ," ಎಂದ. "ಅದರಲ್ಲಿ ಸಣ್ಣದು ಇದೆಯಲ್ಲ, ಅದನ್ನ ನಾನು..."

ಮೇಷ್ಟ್ರು ಪೂರ್ತಿ ಕೇಳಲು ನಿಲ್ಲಲಿಲ್ಲ. ಬೈಕಿನ ಕೀಯನ್ನು ಸ್ಟೂಲಿನ ಮೇಲಿಟ್ಟು, ನಿನ್ನೆ ಸರ್ಕಲ್ಲಿನಲ್ಲಿ ಕ್ಲಚ್ಚನ್ನು ಜಾರಿಸಿದ್ದ ನಡುಗುವ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಬಾಗಿಲು ದಾಟಿದರು. ಬಸ್‌ಸ್ಟಾಪಿನ ಕಡೆ ತಿರುಗುತ್ತ ತಮ್ಮಷ್ಟಕ್ಕೆ ಗೊಣಗಿದರು:

"ಎರಡಂತೆ. ರಾತ್ರಿ ನಾನು ಚುಚ್ಚಿದ್ದು ಒಂದೇ."