ಕಡೇ ಮಗನ ಮನೆ

ಬುರುಲ್ ಇವತ್ತು ಬಾಯಿ ಬಿಟ್ಟರೆ ಮನೆ ಉಳಿಯುತ್ತದೆ, ಬಿಡದಿದ್ದರೆ ಗಂಡ ಹೆಂಡತಿ ಇಬ್ಬರೂ ಬೀದಿಪಾಲು. ಗಂಡ ಜೊಲ್ದೊಷ್ ದಾರಿಯುದ್ದಕ್ಕೂ ಇದನ್ನೇ ಹೇಳುತ್ತ ಬಂದಿದ್ದ.

ಊರ ಹಿರಿಯರ ಕೋರ್ಟು ಕ್ಲಬ್ಬಿನ ಕೋಣೆಯಲ್ಲಿ ಸೇರಿತ್ತು. ಬಿಳಿ ಉಣ್ಣೆಟೋಪಿಯ ಮೂವರು ಮುದುಕರು, ಒಂದು ಒಲೆ, ಆರಿದ ಚಹಾ. ಎದುರಿಗೆ ಎರ್ಮೆಕ್, ಜೊಲ್ದೊಷನ ಒಬ್ಬನೇ ತಮ್ಮ, ಇಪ್ಪತ್ತು ವರ್ಷ ಚಿಕ್ಕವನು. ತಾಯಿ ಸತ್ತ ನಲವತ್ತನೇ ದಿನದ ಊಟ ಮುಗಿದದ್ದೇ ತಡ, ಮನೆ ಮಾರಲು ತಾನಿದ್ದ ಬಿಷ್ಕೆಕ್ ಪಟ್ಟಣದಿಂದ ಗಿರಾಕಿಯನ್ನೇ ಕರೆತಂದಿದ್ದ.

"ಅಪ್ಪ ಅಮ್ಮನ ಮನೆ ಕಡೇ ಮಗನಿಗೆ," ಎಂದ ಎರ್ಮೆಕ್. "ನಮ್ಮ ಪದ್ಧತೀನ ನಾನು ನಿಮಗೆ ಹೇಳ್ಕೊಡ್ಬೇಕಾ, ಅಜ್ಜ?"

"ಬೇಡಪ್ಪ. ನಮ್ಮ ಪದ್ಧತಿ ಎಲ್ಲಾ ಗೊತ್ತು ನಮಗೆ," ಎಂದ ಮುಖ್ಯಸ್ಥ ಕಸಿಮ್ ಅಜ್ಜ.

ಜೊಲ್ದೊಷ್ ಎದ್ದ. "ಅಮ್ಮ ಹಾಸಿಗೆ ಹಿಡಿದಾಗ ಬಾಯಿಗೆ ಸಾರು ಹಾಕಿದ್ದು ಯಾರು? ಕೊನೇ ಗಳಿಗೇಲಿ ಹತ್ರ ಇದ್ದವಳು ಇವಳೊಬ್ಬಳೇ. ಅಮ್ಮ ಏನು ಹೇಳಿದ್ಲು ಅಂತ ಇವಳೇ ಹೇಳ್ಲಿ. ವ್ಯಾಜ್ಯ ಅಲ್ಲಿಗೆ ಮುಗೀತು."

ಎರ್ಮೆಕ್ ನಕ್ಕ. "ಮನೆ ನಿಮಗೇ ಅಂದ್ಲು ಅಂತೀರ, ಅಷ್ಟೇ ತಾನೆ ಅತ್ತಿಗೆ? ನೀವು ಹೊರಗಿನಿಂದ ಬಂದವರು. ಅಮ್ಮನ ಮಡಿಲಲ್ಲಿ ಬೆಳೆದವನು ನಾನು. ಅವಳ ಹೆಸರಲ್ಲಿ ಸುಳ್ಳು ಹೇಳ್ಬೇಡಿ."

ಕೊನೆಯ ಮಾತಿಗೆ ಅವನ ಧ್ವನಿ ನಡುಗಿತು. ಅವನ ಕೋಟಿನ ಗುಂಡಿಯೊಂದು ಕಿತ್ತುಹೋಗಿತ್ತು. ಪಟ್ಟಣದಲ್ಲಿ ಹೊಲಿದುಕೊಡುವವರು ಯಾರೂ ಇಲ್ಲವೇನೋ ಎಂದುಕೊಂಡಳು ಬುರುಲ್. ನಾಳೆ ಎಲ್ಲಿ ಮಲಗುವುದೆಂದು ಯೋಚಿಸಬೇಕಾದ ಹೊತ್ತಿನಲ್ಲಿ ಅವಳ ಹಾಳು ಮನಸ್ಸು ಗುಂಡಿಯಲ್ಲಿ ಸಿಕ್ಕಿಕೊಂಡಿತ್ತು.

"ಹೇಳಮ್ಮ," ಎಂದ ಕಸಿಮ್ ಅಜ್ಜ, ಅವಳ ಮುಖ ನೋಡದೆ. "ಅದು ನಿನ್ನ ಬಾಯಿಂದಲೇ ಬರ್ಬೇಕು. ಬೇರೆಯವರು ಆಡೋ ಮಾತಲ್ಲ."

ಬುರುಲ್ ಎದ್ದು ನಿಂತಳು.

"ಅತ್ತೆ ಏನೂ ಹೇಳ್ಲಿಲ್ಲ, ಅಜ್ಜ. ಇವನು ಅವರ ಕಡೇ ಮಗ. ಮನೆ ಇವನದೇ."

ಜೊಲ್ದೊಷ್ ಮುಖ ಮುಚ್ಚಿಕೊಂಡು ಕುಸಿದು ಕುಳಿತ. ತೀರ್ಪಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗೆದ್ದ ಎರ್ಮೆಕ್ ಮಾತ್ರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ತಪ್ಪು ತಿಳೀಬೇಡಿ ಅತ್ತಿಗೆ. ಅಮ್ಮ ಇಲ್ಲದ ಆ ಮನೇನ ನೋಡೋಕೆ ನನ್ನ ಕೈಲಾಗಲ್ಲ. ಅದಕ್ಕೇ ಮಾರ್ತಿದ್ದೀನಿ."

"ಊಟ ಮಾಡ್ಕೊಂಡು ಹೋಗಪ್ಪ," ಎಂದಳು ಬುರುಲ್. ಅವನು ನಿಲ್ಲಲಿಲ್ಲ. ಕಾರಿನ ಧೂಳು ಅಡಗುವವರೆಗೂ ಅವಳು ಅಲ್ಲೇ ನಿಂತಿದ್ದಳು.

"ಒಂದು ಮಾತು ಹೇಳೋಕೆ ನಿನಗೇನಾಗಿತ್ತು?" ಎಂದ ಜೊಲ್ದೊಷ್.

"ಮನೆಗೋಸ್ಕರ ಹೇಳೋ ಮಾತಾ ಅದು?" ಎಂದಳು.

ಅತ್ತೆ ಸಾಯುವಾಗ ಹೇಳಿದ್ದು ಇಷ್ಟೇ: "ಚೊಚ್ಚಲ ಮಗು ಅಜ್ಜಿಗೆ ಅನ್ನೋ ಪದ್ಧತಿ ಹಿಡ್ಕೊಂಡು ಎರ್ಮೆಕ್‌ನ ನಿನ್ನ ಮೊಲೆ ಬಿಡಿಸಿ ತಗೊಂಡುಬಿಟ್ಟೆ; ಇನ್ನಾದ್ರೂ ಅವನಿಗೆ ನೀನೇ ಅಮ್ಮ ಅಂತ ಹೇಳ್ಕೊಳ್ಳೇ."